ಒಂದೇ ಹಿಡಿತ ಸಾಕು ಎನ್ನುವವರಿಗೆ

ಒಬ್ಬನೇ ಬಂಡೆ ಏರುವವನು ಹಗ್ಗದ ಮೇಲೆ ಎರಡು ಹಿಡಿತ ಇಟ್ಟುಕೊಳ್ಳಬೇಕು, ಎರಡೂ ತಪ್ಪಿದರೆ ತಡೆಯಲು ಹಗ್ಗದಲ್ಲೊಂದು ಗಂಟು ಇರಬೇಕು. ಈ ಸಣ್ಣ ಮಾತಿಗೆ ಕಾರ್ಕಳದ ಬಂಡೆಗಳ ಬುಡದಲ್ಲೂ ಮಣಿಪಾಲದ ಚಹಾ ಅಂಗಡಿಗಳಲ್ಲೂ ಸಾಕಷ್ಟು ವಿರೋಧ ಕೇಳಿದ್ದೇನೆ. ವಿರೋಧಿಸುವವರು ದಡ್ಡರಲ್ಲ, ಹೇಡಿಗಳಂತೂ ಅಲ್ಲವೇ ಅಲ್ಲ. ಅವರು ಚೆನ್ನಾಗಿ ಹತ್ತುತ್ತಾರೆ, ಹೊಸಬರು ಅವರನ್ನು ನೋಡಿ ಕಲಿಯುತ್ತಾರೆ. ಹಾಗಾಗಿಯೇ ಅವರ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುವುದು ಅಗತ್ಯವಾಗಿದೆ. ತೀರ್ಪು ಓದುಗರದ್ದು. ಬಂಡೆ ಹತ್ತಿ ಅಭ್ಯಾಸವಿಲ್ಲದವರೂ ಇಲ್ಲಿ ನ್ಯಾಯ ಹೇಳಬಲ್ಲರು. ಅದಕ್ಕೆ ತೋಳಬಲ ಬೇಡ, ಸ್ವಲ್ಪ ಲೆಕ್ಕ ಸಾಕು.

ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ. ಇಬ್ಬರು ಹತ್ತುವಾಗ ಒಬ್ಬ ಮೇಲೆ ಹೋಗುತ್ತಾನೆ, ಇನ್ನೊಬ್ಬ ಕೆಳಗೆ ನಿಂತು ಹಗ್ಗ ಕಾಯುತ್ತಾನೆ, ಅದು ಬಿಲೇ. ಜೊತೆಗಾರ ಸಿಗದ ದಿನ ಹಗ್ಗವನ್ನು ಬಂಡೆಯ ತಲೆಯಲ್ಲಿ ಕಟ್ಟಿ ಕೆಳಕ್ಕೆ ಇಳಿಬಿಡುತ್ತಾರೆ. ಸೊಂಟದ ಹಾರ್ನೆಸ್‌ಗೆ ಸಿಕ್ಕಿಸಿದ ಪುಟ್ಟ ಸಾಧನವೊಂದನ್ನು ಆ ಹಗ್ಗಕ್ಕೆ ತೊಡಿಸಿ ಹತ್ತುತ್ತಾರೆ. ಇದೇ ಟಾಪ್ ರೋಪ್ ಸೋಲೋ. ಸಾಧನ ಹಗ್ಗದ ಗುಂಟ ಮೇಲಕ್ಕೆ ಸರಿಯುತ್ತದೆ, ಕೆಳಕ್ಕೆ ಸರಿಯುವುದಿಲ್ಲ. ಪೆಟ್ಜಲ್ ಕಂಪನಿಯ ಮೈಕ್ರೋ ಟ್ರ್ಯಾಕ್ಷನ್ ಈ ಕೆಲಸಕ್ಕೆ ಬಳಕೆಯಲ್ಲಿರುವ ಹೆಸರಾಂತ ಸಾಧನ. ಅದರ ಒಳಗೆ ಸಣ್ಣ ಹಲ್ಲುಗಳಿರುವ ಕ್ಯಾಮ್ ಒಂದು ಸ್ಪ್ರಿಂಗಿನ ಬಲದಿಂದ ಹಗ್ಗಕ್ಕೆ ತಾಗಿಕೊಂಡಿರುತ್ತದೆ. ಭಾರ ಬಿದ್ದ ಕ್ಷಣ ಕಚ್ಚಿ ಹಿಡಿಯುತ್ತದೆ. ಕೆಳಗೆ ನಿಂತು ಕಾಯುತ್ತಿದ್ದ ಮನುಷ್ಯನ ಜಾಗದಲ್ಲಿ ಈಗ ಆ ಹಲ್ಲುಗಳಿವೆ. ಅಂಥದ್ದು ಒಂದಿದ್ದರೆ ಸಾಕೇ ಎಂಬುದಷ್ಟೇ ಜಗಳ.

ಸಾಕು ಎನ್ನುವವರ ಮೊದಲ ವಾದ ಇದು: "ಮೇಲಿಂದ ಹಗ್ಗ ಸದಾ ಬಿಗಿಯಾಗಿರುತ್ತದೆ. ಕೈ ಜಾರಿದರೆ ಬೀಳುವುದಿಲ್ಲ, ಹಗ್ಗದ ಮೇಲೆ ಕೂರುತ್ತೇವೆ, ಅಷ್ಟೆ." ಹಗ್ಗ ನಿಜವಾಗಿ ಬಿಗಿಯಾಗಿರುವುದು ಎಲ್ಲಿಂದ ಎಲ್ಲಿಯವರೆಗೆ? ಏರಿಕೆಯ ಮೊದಲ ಕೆಲವು ಮೀಟರುಗಳಲ್ಲಿ ಸಾಧನದ ಕೆಳಗೆ ತೂಗುವ ಹಗ್ಗ ಕಡಿಮೆ, ಅದರ ತೂಕ ಸಾಲದು. ನೀವು ಮೇಲೆ ಹೋದಂತೆ ಹಗ್ಗವೂ ಸಾಧನದ ಜೊತೆ ಎದ್ದು ಬರುತ್ತದೆ, ಎದೆಯ ಮುಂದೆ ಸಡಿಲ ಕುಣಿಕೆಯೊಂದು ಬೆಳೆಯುತ್ತದೆ. ಹಗ್ಗದ ಬುಡಕ್ಕೆ ನೀರಿನ ಬಾಟಲಿಯನ್ನೋ ಚೀಲವನ್ನೋ ಕಟ್ಟುವ ರೂಢಿ ಬಂದದ್ದೇ ಇದಕ್ಕಾಗಿ. ಕಾರ್ಕಳದ ಓರೆ ಬಂಡೆಗಳಲ್ಲಿ ಹಗ್ಗ ಗಾಳಿಯಲ್ಲಿ ತೂಗುವುದಿಲ್ಲ, ಕಲ್ಲಿನ ಮೈಗೆ ಒರಗಿ ಬಿದ್ದಿರುತ್ತದೆ. ಅಲ್ಲಿ ಒಂದು ಅಂಚಿಗೋ ಬಿರುಕಿಗೋ ಹಗ್ಗ ಸಿಕ್ಕಿಕೊಂಡರೆ ಬಾಟಲಿಯ ತೂಕವೂ ಕೆಲಸಕ್ಕೆ ಬಾರದು.

ಹಗ್ಗ ಬಿಗಿಯಾಗಿಯೇ ಇದೆ ಎಂದು ವಾದಕ್ಕೆ ಒಪ್ಪೋಣ. ಆಗಲೂ ಲೆಕ್ಕ ಅವರ ಪರ ಇಲ್ಲ. ಬೀಳುವಿಕೆಯ ಪೆಟ್ಟನ್ನು ಹೀರಿಕೊಳ್ಳುವಂತೆ ಮಾಡಿದ ಡೈನಾಮಿಕ್ ಹಗ್ಗ ಎಳೆದರೆ ಉದ್ದವಾಗುತ್ತದೆ. ಯುರೋಪಿನ ಇಎನ್ 892 ಮಾನದಂಡವು 80 ಕಿಲೋ ತೂಗುವ ಭಾರಕ್ಕೆ ಸಿಂಗಲ್ ಹಗ್ಗ ಶೇ. 10ರವರೆಗೆ ಹಿಗ್ಗಲು ಅವಕಾಶ ಕೊಡುತ್ತದೆ. ತಲೆಯ ಮೇಲೆ 25 ಮೀಟರ್ ಹಗ್ಗವಿದ್ದರೆ ಎರಡೂವರೆ ಮೀಟರ್ ತನಕ ಹಿಗ್ಗಬಹುದು ಎಂದಾಯಿತು. ನೆಲದಿಂದ ಎರಡು ಮೀಟರ್ ಮೇಲೆ ಕೈ ಜಾರಿದವನನ್ನು ಆ ಹಗ್ಗ ಕೂರಿಸುವುದು ನೆಲದ ಮೇಲೆಯೇ. ಇದಕ್ಕಾಗಿ ಕಡಿಮೆ ಹಿಗ್ಗುವ, ಇಎನ್ 1891ರ ಸೆಮಿ ಸ್ಟ್ಯಾಟಿಕ್ ಹಗ್ಗ ಬಳಸುತ್ತಾರೆ; ಅದು ಸರಿಯೇ. ಆದರೆ ಅದೇ ಹಗ್ಗ ಮೇಲಿನ ತುದಿಯಲ್ಲಿ ಬೇರೆಯೇ ಸಮಸ್ಯೆ ತರುತ್ತದೆ. ಬಂಡೆಯ ತಲೆಯ ಹತ್ತಿರ, ಹಗ್ಗ ಕಟ್ಟಿದ ಆಧಾರಕ್ಕೆ, ಅಂದರೆ ಆ್ಯಂಕರಿಗೆ, ಒಂದೆರಡು ಮೀಟರ್ ಬಾಕಿ ಇರುವಾಗ, ಪೆಟ್ಟು ಹೀರಿಕೊಳ್ಳಲು ಹಗ್ಗವೇ ಉಳಿದಿರುವುದಿಲ್ಲ. ಅಲ್ಲಿ ಒಂದು ಮೀಟರ್ ಸಡಿಲಿನೊಂದಿಗೆ ಬಿದ್ದರೆ ಬಲವೆಲ್ಲ ಆ ಹಲ್ಲುಗಳ ಮೇಲೆ, ಹಲ್ಲುಗಳ ಮೂಲಕ ಹಗ್ಗದ ಸಿಪ್ಪೆಯ ಮೇಲೆ. ನಾಲ್ಕರಿಂದ ಆರು ಕಿಲೋನ್ಯೂಟನ್ ಆಸುಪಾಸಿನ ಬಲದಲ್ಲಿ ಹಲ್ಲಿನ ಕ್ಯಾಮ್ ಹಗ್ಗದ ಹೊರಸಿಪ್ಪೆಯನ್ನು ಹರಿಯಬಲ್ಲದು. ಬುಡದಲ್ಲಿ ಹಿಗ್ಗು, ತುದಿಯಲ್ಲಿ ಪೆಟ್ಟು: ಹಗ್ಗ ಅಪಾಯಕಾರಿಯಾಗುವ ಎರಡೂ ಜಾಗಗಳನ್ನು ಬಿಟ್ಟು ನಡುವಿನದ್ದನ್ನು ಮಾತ್ರ ನೋಡಿ ಕಟ್ಟಿದ ವಾದ ಇದು.

ಈ ವಾದದೊಳಗೆ ಒಂದು ವಿರೋಧಾಭಾಸವೂ ಇದೆ. "ಬೀಳುವುದೇ ಇಲ್ಲ" ಎನ್ನುವವರನ್ನು ಒಂಟಿಯಾಗಿ ಏಕೆ ಹತ್ತುತ್ತೀರಿ ಎಂದು ಕೇಳಿದರೆ, ಕಷ್ಟದ ಹೆಜ್ಜೆಗಳನ್ನು ಮತ್ತೆ ಮತ್ತೆ ಬಿದ್ದು ಅಭ್ಯಾಸ ಮಾಡಲು ಎನ್ನುತ್ತಾರೆ. ಬೀಳುವುದಿಲ್ಲವಾದ್ದರಿಂದ ಎರಡನೆಯ ಸಾಧನ ಬೇಡ, ಹಗ್ಗ ಬೇಕಾದದ್ದು ಬೀಳುವುದಕ್ಕಾಗಿ. ಎರಡರಲ್ಲಿ ಒಂದನ್ನು ಅವರು ಬಿಡಲೇಬೇಕು.

ಎರಡನೆಯ ವಾದ ಕಂಪನಿಯ ಹೆಸರಿನಲ್ಲಿ ಬರುತ್ತದೆ: "ಇದು ಪರೀಕ್ಷೆ ಪಾಸಾದ ಸಾಧನ. ಮೇಲೆ ಮುದ್ರೆ ಇದೆ. ನೀವು ಕಂಪನಿಯ ಎಂಜಿನಿಯರುಗಳಿಗಿಂತ ಹೆಚ್ಚು ಬಲ್ಲಿರಾ?" ಇಲ್ಲ, ಬಲ್ಲೆನೆಂದು ಹೇಳುವುದೂ ಇಲ್ಲ. ಆ ಎಂಜಿನಿಯರುಗಳು ಹೇಳಿದ್ದನ್ನು ಪೂರ್ತಿ ಓದಿ ಎಂದಷ್ಟೇ ಕೇಳುತ್ತೇನೆ. ಸಾಧನದ ಮೇಲಿನ ಇಎನ್ 567 ಮುದ್ರೆ ಹಗ್ಗ ಹಿಡಿಯುವ ಕ್ಲ್ಯಾಂಪ್‌ಗಳಿಗೆ ಸಂಬಂಧಿಸಿದ್ದು. ಅಲ್ಲಿ ನೋಡುವುದು ನಿಧಾನವಾಗಿ ಎಳೆದಾಗ 4 ಕಿಲೋನ್ಯೂಟನ್ ತಡೆಯುತ್ತದೆಯೇ ಎಂದು. ಸಡಿಲ ಹಗ್ಗದ ಮೇಲೆ ಬಿದ್ದ ಮನುಷ್ಯನನ್ನು ಒಂಟಿಯಾಗಿ ತಡೆಯುತ್ತದೆ ಎಂದು ಆ ಮುದ್ರೆ ಎಲ್ಲೂ ಹೇಳುವುದಿಲ್ಲ. ಅದೇ ಕಂಪನಿ ಕಟ್ಟಿದ ಹಗ್ಗದ ಮೇಲೆ ಒಂಟಿ ಏರಿಕೆಯ ಬಗ್ಗೆ ಬೇರೆಯಾಗಿಯೇ ಸಲಹೆ ಪ್ರಕಟಿಸಿದೆ, ಅದು ಕೇಳುವುದು ಎರಡು ಸಾಧನಗಳನ್ನು. ಸಾಧನ ಮಾರುವಾಗ ಕಂಪನಿಯ ಮಾತು ವೇದವಾಕ್ಯ, ಬಳಸುವ ಕ್ರಮ ಹೇಳುವಾಗ ಅದೇ ಮಾತು ಕಸ ಎನ್ನುವುದು ಯಾವ ನ್ಯಾಯ?

ಸಾಧನ ಮುರಿಯುತ್ತದೆ ಎಂದು ನಾನು ಹೆದರುತ್ತಿಲ್ಲ, ಲೋಹ ಗಟ್ಟಿಯಾಗಿಯೇ ಇದೆ. ಕ್ಯಾಮ್ ಹಗ್ಗಕ್ಕೆ ತಾಗದೆ ಹೋಗುವುದು ನನ್ನ ಭಯ. ಮೈಕ್ರೋ ಟ್ರ್ಯಾಕ್ಷನ್ ಸಾಧನವನ್ನು ಬರೀ ರಾಟೆಯಾಗಿಯೂ ಬಳಸಲು ಅದರ ಕ್ಯಾಮನ್ನು ತೆರೆದ ಸ್ಥಿತಿಯಲ್ಲೇ ನಿಲ್ಲಿಸುವ ವ್ಯವಸ್ಥೆ ಇದೆ. ಹಾಗೆ ನಿಂತದ್ದನ್ನು ಗಮನಿಸದೆ ಹೊರಟರೆ ಸಾಧನ ಹಗ್ಗದ ಮೇಲೆ ಇದ್ದೂ ಇಲ್ಲದಂತೆ. ಓರೆ ಬಂಡೆಗೆ ಹೊಟ್ಟೆ ಒತ್ತಿ ಏರುವಾಗ ಟೀ ಶರ್ಟಿನ ಅಂಚು ಹಗ್ಗದ ಜೊತೆ ಒಳಗೆ ಸರಿಯುತ್ತದೆ. ಬಟ್ಟೆಯ ಎರಡು ಮಡಿಕೆ ಸಾಕು, ಹಲ್ಲು ಹಗ್ಗವನ್ನು ಮುಟ್ಟುವುದೇ ಇಲ್ಲ. ಮಳೆಗಾಲ ಕಳೆದ ಮೇಲೆ ನಮ್ಮ ಕಲ್ಲುಗಳ ಮೇಲೆ ಉಳಿಯುವ ಪಾಚಿ ಒಣಗಿ ಕಪ್ಪು ಹುಡಿಯಾಗಿ ಹಗ್ಗಕ್ಕೆ ಹತ್ತುತ್ತದೆ. ಬುಡದ ಕೆಂಪು ಮಣ್ಣಿನಲ್ಲಿ ಹಗ್ಗ ಎಳೆದಾಡಿದವರು ಸಂಜೆ ಸಾಧನ ಬಿಚ್ಚಿ ನೋಡಲಿ: ಹಲ್ಲುಗಳ ಸಂದಿಯಲ್ಲಿ ಮಣ್ಣು ಮೆತ್ತಿ ಹಲ್ಲಿನ ತುದಿ ಮಾತ್ರ ಕಾಣುತ್ತಿರುತ್ತದೆ. ಇವುಗಳಲ್ಲಿ ಒಂದೂ ಕಾರ್ಖಾನೆಯ ದೋಷವಲ್ಲ, ಪರೀಕ್ಷಾಲಯದಲ್ಲಿ ಕಾಣುವಂಥದ್ದೂ ಅಲ್ಲ.

ಮೂರನೆಯ ವಾದ ಇರುವುದರಲ್ಲೇ ಗಟ್ಟಿಯಾದದ್ದು, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. "ಎರಡು ಸಾಧನ ಇಟ್ಟರೆ ಒಂದಕ್ಕೊಂದು ತಾಗುತ್ತವೆ. ಕೆಳಗಿನದು ಮೇಲಿನದರ ಕ್ಯಾಮನ್ನು ಎತ್ತಿಬಿಡಬಹುದು. ಬ್ಯಾಕಪ್ಪೇ ಅಪಾಯ ತರುತ್ತದೆ. ಸರಳವಾಗಿದ್ದಷ್ಟೂ ಕ್ಷೇಮ." ಇದರಲ್ಲಿ ಸತ್ಯವಿದೆ. ಒಂದೇ ಮಟ್ಟದಲ್ಲಿ, ಒಂದೇ ಉದ್ದದಲ್ಲಿ, ಒಂದೇ ಬಗೆಯ ಎರಡು ಸಾಧನ ತೂಗಿಬಿಟ್ಟರೆ ಅವು ಖಂಡಿತ ತಾಗುತ್ತವೆ. ಒಂದನ್ನು ತೆರೆಸಿದ ಬಟ್ಟೆ ಇನ್ನೊಂದನ್ನೂ ತೆರೆಸುತ್ತದೆ. ಎರಡನ್ನೂ ಒಂದೇ ಕ್ಯಾರಬೀನರಿಗೆ, ಅಂದರೆ ಒಂದೇ ಕೊಂಡಿಗೆ, ಹಾಕುವುದಂತೂ ಒಂದೇ ಚಿಲಕಕ್ಕೆ ಎರಡು ಬೀಗ ಜಡಿದ ಹಾಗೆ. ಚಿಲಕ ಕಿತ್ತುಬಂದರೆ ಎರಡು ಬೀಗವೂ ಕಳ್ಳನ ಕೈಯಲ್ಲಿ.

ಆದರೆ ಇದರಿಂದ ಸಿದ್ಧವಾಗುವುದೇನು? ಎರಡನೆಯದನ್ನು ತಪ್ಪಾಗಿ ಇಡಬಾರದು ಎಂಬುದು ಮಾತ್ರ. ಎರಡನೆಯದೇ ಬೇಡ ಎಂಬಲ್ಲಿಗೆ ಅವರು ಹಾರುವುದು ಯಾವ ಸೇತುವೆಯ ಮೇಲೆ? ಸರಿಯಾಗಿ ಇಡುವ ಕ್ರಮ ಗುಟ್ಟೇನಲ್ಲ. ಕೆಳಗಿನದು ಹಾರ್ನೆಸ್ಸಿನ ಮುಂಭಾಗದ ಬಳೆಗೆ, ಅಂದರೆ ಬಿಲೇ ಲೂಪಿಗೆ, ಹತ್ತಿರದಲ್ಲಿ. ಮೇಲಿನದು ಸ್ವಲ್ಪ ಉದ್ದದ ಪಟ್ಟಿಯಲ್ಲಿ, ಅಂದರೆ ಸ್ಲಿಂಗಿನಲ್ಲಿ, ಎದೆಯ ಮಟ್ಟದಲ್ಲಿ, ಕತ್ತಿಗೆ ಹಾಕಿದ ಎಲಾಸ್ಟಿಕ್ ಪಟ್ಟಿಯಿಂದ ನೆಟ್ಟಗೆ ನಿಲ್ಲುವಂತೆ. ನಡುವೆ ಒಂದಕ್ಕೊಂದು ಎಟುಕದಷ್ಟು ಅಂತರ. ಎರಡಕ್ಕೂ ಬೇರೆ ಬೇರೆ ಲಾಕಿಂಗ್ ಕ್ಯಾರಬೀನರ್. ಸಾಧ್ಯವಾದರೆ ಹಿಡಿಯುವ ಬಗೆಯೂ ಬೇರೆ: ಒಂದು ಹಲ್ಲಿನದು, ಇನ್ನೊಂದು ಹಲ್ಲಿಲ್ಲದೆ ಒತ್ತಿ ಹಿಡಿಯುವಂಥದ್ದು. ಆಗ ಮಣ್ಣು ಒಂದನ್ನು ಸೋಲಿಸಿದರೂ ಇನ್ನೊಂದು ಉಳಿಯುತ್ತದೆ. ಜಾಗ ಅನುಕೂಲವಾಗಿದ್ದರೆ ಎರಡು ಹಗ್ಗ ಕಟ್ಟಿ, ಹಗ್ಗಕ್ಕೊಂದು ಸಾಧನ ಇಡುವುದು ಇನ್ನೂ ಉತ್ತಮ. ತಾಗುವ ಮಾತೇ ಬರುವುದಿಲ್ಲ.

ಎರಡು ಹಗ್ಗದ ಮಾತು ಎತ್ತಿದ ಕೂಡಲೇ "ಅದು ಕಾರ್ಮಿಕರ ನಿಯಮ, ನಮಗಲ್ಲ" ಎನ್ನುತ್ತಾರೆ. ಹಗ್ಗದಲ್ಲಿ ತೂಗಿ ದಿನವಿಡೀ ದುಡಿಯುವವರಿಗಾಗಿ ಬ್ರಿಟನ್ನಿನಲ್ಲಿ 1980ರ ದಶಕದ ಕೊನೆಯಲ್ಲಿ ಹುಟ್ಟಿದ ಇರಾಟಾ ಸಂಸ್ಥೆಯ ಪದ್ಧತಿಯ ಬುಡವೇ ಎರಡು ಹಗ್ಗ: ಒಂದು ಕೆಲಸದ್ದು, ಇನ್ನೊಂದು ರಕ್ಷಣೆಯದ್ದು, ಎರಡಕ್ಕೂ ಬೇರೆ ಬೇರೆ ಆ್ಯಂಕರ್. ತೈಲಬಾವಿಯ ಕಂಬಗಳಿಗೆ ಇಳಿಯುವ ಆ ಜನ ಹಗ್ಗದ ಮೇಲೆ ಕಳೆಯುವ ಹೊತ್ತು ನಮ್ಮ ಭಾನುವಾರಗಳಿಗಿಂತ ಎಷ್ಟೋ ಪಾಲು ಹೆಚ್ಚು. ಸರಳತೆಯೇ ಕ್ಷೇಮವಾಗಿದ್ದರೆ ಅದನ್ನು ಮೊದಲು ಕಂಡುಕೊಳ್ಳಬೇಕಾದವರು ಅವರು. ಅವರು ಕಂಡುಕೊಂಡದ್ದು ಎರಡನೆಯ ಹಗ್ಗವನ್ನು.

ಸರಳತೆಯ ಈ ಪ್ರೀತಿ ಎಷ್ಟು ಪ್ರಾಮಾಣಿಕ ಎಂಬುದನ್ನೂ ನೋಡಬೇಕು. ಇದೇ ಗೆಳೆಯರಲ್ಲಿ ಕೆಲವರು ಲೀಡ್ ಸೋಲೋಗೆ, ಅಂದರೆ ಹಗ್ಗದ ಬುಡವನ್ನು ಕೆಳಗೆ ಕಟ್ಟಿ ತಾವೇ ಹಗ್ಗ ಬಿಡುತ್ತಾ ಮೇಲೆ ಹೋಗುವ ಏರಿಕೆಗೆ, ಗ್ರಿಗ್ರಿ ಎಂಬ ಬಿಲೇ ಸಾಧನ ಒಯ್ಯುತ್ತಾರೆ. ಗ್ರಿಗ್ರಿ ಇರುವುದು ಕೆಳಗೆ ನಿಂತವನ ಕೈಗೆ. ಹಗ್ಗ ಸರಾಗವಾಗಿ ಬಿಡಲೆಂದು ಅದರ ಅಂಚನ್ನು ಅರದಿಂದ ಉಜ್ಜುವವರಿದ್ದಾರೆ, ತೂತು ಕೊರೆಯುವವರಿದ್ದಾರೆ. ತಲೆಕೆಳಗಾಗಿ ಬಿದ್ದಾಗ ಅದು ಹಗ್ಗ ಹಿಡಿಯುತ್ತದೆಂಬ ಖಾತ್ರಿ ಇಲ್ಲ. ಕಂಪನಿಯ ಮುದ್ರೆಯನ್ನು ನನ್ನ ಮುಖಕ್ಕೆ ಹಿಡಿದವರು ಅದೇ ಕಂಪನಿಯ ಸಾಧನವನ್ನು ಅರಕ್ಕೆ ಕೊಡುತ್ತಾರೆ. ಎರಡನೆಯ ಸಾಧನ ಜಟಿಲವೆಂದವರು ಕೊರೆದ ಸಾಧನವನ್ನು ಸರಳವೆನ್ನುತ್ತಾರೆ. ಲೀಡ್ ಸೋಲೋದಲ್ಲಿ ಹಗ್ಗದಲ್ಲಿ ಬಿಗಿದ ಬ್ಯಾಕಪ್ ಗಂಟುಗಳನ್ನು ಬಿಟ್ಟರೆ ನಂಬಬಹುದಾದದ್ದು ಬಹಳ ಕಡಿಮೆ. ಆ ವಿಷಯಕ್ಕೇ ಬೇರೊಂದು ಲೇಖನ ಬೇಕು.

ಗಂಟಿನ ಮಾತಿಗೆ ಅವರ ಉತ್ತರ: "ನಡುವೆ ನಿಂತು ಗಂಟು ಹಾಕುತ್ತಾ ಕೂತರೆ ಲಯ ತಪ್ಪುತ್ತದೆ. ಕಷ್ಟದ ಜಾಗದಲ್ಲಿ ಕೈ ಬಿಡಲಾಗುವುದೇ ಇಲ್ಲ." ಕಷ್ಟದ ಜಾಗದಲ್ಲಿ ಕೈ ಬಿಡಿ ಎಂದು ಯಾರೂ ಹೇಳಿಲ್ಲ. ನಮ್ಮ ಓರೆ ಬಂಡೆಗಳಲ್ಲಿ ಎರಡು ಕಾಲ ಮೇಲೆ ಕೈಬಿಟ್ಟು ನಿಲ್ಲುವ ಜಾಗಗಳು ಬೇಕಾದಷ್ಟಿವೆ. ಅಂಥ ಕಡೆ ಸಾಧನದ ಕೆಳಗಿನ ಹಗ್ಗವನ್ನು ಎಳೆದು ಒಂದು ಗಂಟು ಬಿಗಿದು ಹಾರ್ನೆಸ್‌ಗೆ ಸಿಕ್ಕಿಸಿದರೆ, ಎರಡು ಸಾಧನವೂ ಜಾರಿದಾಗ ಬೀಳುವ ದೂರ ಆ ಕುಣಿಕೆಯ ಅಳತೆಗೆ ನಿಲ್ಲುತ್ತದೆ. ಮುಂದಿನ ನಿಲುಗಡೆಯಲ್ಲಿ ಹೊಸ ಗಂಟು ಹಾಕಿ ಆಮೇಲೆ ಹಳೆಯದನ್ನು ಬಿಚ್ಚುವುದು. ನಿಲ್ಲಲು ಜಾಗವೇ ಇಲ್ಲದ ಕಡಿದಾದ ಕಲ್ಲಿನಲ್ಲಿ, ಪಕ್ಕದಲ್ಲಿ ಇನ್ನೊಂದು ಹಗ್ಗ ಇಳಿಬಿಟ್ಟು ಅದರಲ್ಲಿ ಮೊದಲೇ ಕುಣಿಕೆಗಳನ್ನು ಹಾಕಿಟ್ಟರೆ ಏರುತ್ತಾ ಒಂದೊಂದಕ್ಕೆ ಸಿಕ್ಕಿಸಿಕೊಳ್ಳಬಹುದು. ಲಯ ತಪ್ಪುತ್ತದೆ, ನಿಜ. ಕೆಲವು ಉಸಿರಿನ ಹೊತ್ತು ತಪ್ಪುತ್ತದೆ.

ಗಂಟು ಮರೆಯುವುದು ಹೊಸಬರ ತಪ್ಪೆಂದು ನಂಬಿದವರಿಗೆ ಎರಡು ಹೆಸರು ಹೇಳುತ್ತೇನೆ. ತನ್ನ ಕಾಲದ ಅತ್ಯುತ್ತಮ ಏರುಗಾರ್ತಿಯರಲ್ಲಿ ಒಬ್ಬಳಾದ ಲಿನ್ ಹಿಲ್ 1989ರಲ್ಲಿ ಫ್ರಾನ್ಸಿನ ಬ್ಯೂಕ್ಸ್ ಎಂಬಲ್ಲಿ ಹಾರ್ನೆಸ್ಸಿನ ಗಂಟನ್ನು ಪೂರ್ತಿ ಹಾಕದೆಯೇ ಹತ್ತಿ, ಮೇಲೆ ಹಗ್ಗಕ್ಕೆ ಭಾರ ಕೊಟ್ಟ ಕೂಡಲೇ ಸುಮಾರು 70 ಅಡಿ ಬಿದ್ದಳು. ಮರದ ಕೊಂಬೆ ತಡೆದದ್ದರಿಂದ ಬದುಕಿದಳು. ಹಗ್ಗವಿಲ್ಲದ ಏರಿಕೆಗೂ ವೇಗಕ್ಕೂ ಹೆಸರಾಗಿದ್ದ ಬ್ರ್ಯಾಡ್ ಗೋಬ್ರೈಟ್ 2019ರ ನವೆಂಬರಿನಲ್ಲಿ ಮೆಕ್ಸಿಕೋದ ಎಲ್ ಪೊಟ್ರೆರೊ ಚಿಕೊದಲ್ಲಿ ತೀರಿಕೊಂಡದ್ದು ಹತ್ತುವಾಗ ಅಲ್ಲ, ಇಳಿಯುವಾಗ. ಹಗ್ಗದ ತುದಿಯಲ್ಲಿ ಗಂಟು ಇರಲಿಲ್ಲ. ಇವರಿಗೆ ಕೌಶಲ ಕಡಿಮೆ ಇತ್ತೆಂದು ಮಣಿಪಾಲದಲ್ಲಿ ಕೂತು ಹೇಳುವ ಧೈರ್ಯ ನನಗಂತೂ ಇಲ್ಲ.

ನಾಲ್ಕನೆಯದು ಆ್ಯಂಕರಿನ ವಿಷಯ. "ಕಾರ್ಕಳದ ಕಲ್ಲು ನೋಡಿದ್ದೀರಾ? ಬಂಡೆಯ ತಲೆಯಲ್ಲಿ ಆನೆಗಾತ್ರದ ಗುಂಡು. ಅದಕ್ಕೊಂದು ಸ್ಲಿಂಗ್ ಸುತ್ತಿದರೆ ಎಂತದೂ ಆಗುದಿಲ್ಲ ಮಾರಾಯ್ರೆ." ಕಾರ್ಕಳದ ಕಲ್ಲಿನ ಗುಣದ ಬಗ್ಗೆ ತಕರಾರಿಲ್ಲ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟ ಇಷ್ಟು ಮಳೆಗಾಲಗಳನ್ನು ಕಂಡೂ ನಿಂತಿದ್ದಾನೆ. (ಆ ಬೆಟ್ಟದ ಮೇಲೆ ಹಗ್ಗ ಕಟ್ಟುವ, ಬೋಲ್ಟ್ ಕೊರೆಯುವ ಯೋಚನೆಯೂ ಯಾರಿಗೂ ಬರಬಾರದು. ಅದು ಆರಾಧನೆಯ ಸ್ಥಳ, ಸಂರಕ್ಷಿತ ಸ್ಮಾರಕ.) ಪ್ರಶ್ನೆ ಗುಂಡಿನ ತೂಕದ್ದಲ್ಲ. ಹಗ್ಗ ಬಂಡೆಯ ಅಂಚನ್ನು ದಾಟಿ ಕೆಳಗಿಳಿಯುವಲ್ಲಿ ಏನಾಗುತ್ತದೆ ಎಂಬುದು. ಒಂಟಿ ಏರಿಕೆಯಲ್ಲಿ ಹಗ್ಗ ಕದಲದೆ ಇಡೀ ದಿನ ಅದೇ ಅಂಚಿನ ಮೇಲೆ ಇರುತ್ತದೆ. ನೀವು ಕೂತೆದ್ದಾಗಲೆಲ್ಲ ಹಿಗ್ಗಿ ಕುಗ್ಗಿ ಅದೇ ಬೆರಳಗಲದ ಜಾಗವನ್ನು ಹರಳುಗಟ್ಟಿದ ಕಲ್ಲಿಗೆ ತಿಕ್ಕುತ್ತದೆ. ಇಬ್ಬರಿದ್ದರೆ ಕೆಳಗಿನವನ ಕಣ್ಣಿಗಾದರೂ ಬೀಳಬಹುದಿತ್ತು. ಒಬ್ಬನೇ ಇದ್ದಾಗ ಅದನ್ನು ನೋಡುವವರಿಲ್ಲ. ಅಂಚಿಗೆ ರಕ್ಷೆ ಹಾಸಬೇಕು, ಇಲ್ಲವೇ ಅಂಚಿನ ಕೆಳಗೆ ಇನ್ನೊಂದು ಆ್ಯಂಕರ್ ಕೊಟ್ಟು ಹಗ್ಗವನ್ನು ಕಲ್ಲಿನಿಂದ ದೂರ ತೂಗುವಂತೆ ಮಾಡಬೇಕು. ಹಗ್ಗವೇ ತುಂಡಾದರೆ ಅದರ ಮೇಲೆ ಎಷ್ಟು ಸಾಧನವಿದ್ದೂ ಪ್ರಯೋಜನವಿಲ್ಲ.

ಕಲ್ಲು ಒಳ್ಳೆಯದು ಎಂಬ ಮಾತೂ ಎಲ್ಲ ಕಡೆ ನಡೆಯುವುದಿಲ್ಲ. ಗ್ರಾನೈಟ್ ಗುಡ್ಡಗಳು ಪದರ ಪದರವಾಗಿ ಸುಲಿಯುತ್ತವೆ. ಮುಷ್ಟಿಯಿಂದ ಗುದ್ದಿದರೆ ಟೊಳ್ಳು ಸದ್ದು ಬರುವ ಹಲಗೆಗಳು ಎಷ್ಟು ದೊಡ್ಡವಿದ್ದರೂ ಆ್ಯಂಕರಿಗೆ ಆಗುವುದಿಲ್ಲ. ಕಾರ್ಕಳದ ಸುತ್ತ ಬಿಟ್ಟುಹೋದ ಕೋರೆಗಳ ನೇರ ಗೋಡೆಗಳು ಹುಡುಗರನ್ನು ಸೆಳೆಯುತ್ತವೆ. ಆ ಗೋಡೆಗಳ ಮೇಲೆ ಉದ್ದಕ್ಕೆ ಸೀಳಿದ ಅರ್ಧ ಕೊಳವೆಗಳಂತೆ ಕಾಣುವುದು ಸಿಡಿಮದ್ದಿಗಾಗಿ ಕೊರೆದ ತೂತುಗಳ ಗುರುತು. ಆ ಸಿಡಿತ ಕಲ್ಲಿನ ಒಳಗೆ ಬಿಟ್ಟ ಬಿರುಕು ಹೊರಗಿನಿಂದ ಕಾಣುವುದಿಲ್ಲ. ಮಣಿಪಾಲದ ಗುಡ್ಡದ ಮುರಕಲ್ಲಿನ ಮೇಲೆ ಹಗ್ಗ ಕಟ್ಟುವ ಬಗ್ಗೆ ಚರ್ಚೆಯೇ ಬೇಡ. ಕತ್ತಿಯಿಂದ ಕೆತ್ತಿದರೆ ಬರುವ ಕಲ್ಲು ಅದು. ಕಾಪು ಕಡಲಿನ ಬಂಡೆಗಳಲ್ಲಿ ಅಪಾಯ ಕಲ್ಲಿನದ್ದಲ್ಲ, ಉಪ್ಪುಗಾಳಿಯದ್ದು. ಬಿಸಿ ಸೀಮೆಯ ಕಡಲಂಚಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಕೂಡ ಉಪ್ಪಿನ ಪ್ರಭಾವಕ್ಕೆ ಒಳಗೊಳಗೇ ಸೀಳಿ, ಹೊರಗೆ ಹೊಳೆಯುತ್ತಲೇ ಇದ್ದು ಕೈಯ ಎಳೆತಕ್ಕೆ ಮುರಿದ ಉದಾಹರಣೆಗಳು ಥಾಯ್ಲೆಂಡಿನ ಕಡಲ ಬಂಡೆಗಳಲ್ಲಿ ಇವೆ. ಅಲ್ಲಿ ಈಗ ಟೈಟಾನಿಯಂ ಬೋಲ್ಟ್ ಬಳಸುತ್ತಾರೆ. ಕಾಪುವಿನಲ್ಲಿ ಯಾರೋ ಯಾವಾಗಲೋ ಹೊಡೆದ ಮೊಳೆಯನ್ನು ಒಂಟಿಯಾಗಿ ನಂಬುವುದಕ್ಕೆ ಧೈರ್ಯ ಎಂದು ಹೆಸರಿಡಬೇಡಿ. ಎಲ್ಲಿಯೇ ಆಗಲಿ ಬೇರೆ ಬೇರೆ ಎರಡು ಆ್ಯಂಕರ್ ಇರಲಿ, ಭಾರ ಎರಡಕ್ಕೂ ಹಂಚಿಹೋಗಲಿ.

"ಕಟ್ಟಿದ್ದು ಒಂದೇ ಆದರೂ ಗಟ್ಟಿಯಾಗಿದ್ದರೆ ಸಾಕು" ಎನ್ನುವವರು ಟಾಡ್ ಸ್ಕಿನ್ನರ್ ಹೆಸರು ಕೇಳಿರಬೇಕು. ಅಮೆರಿಕದ ಆ ಹಿರಿಯ ಏರುಗಾರ 2006ರಲ್ಲಿ ಯೊಸೆಮಿಟಿಯ ಲೀನಿಂಗ್ ಟವರಿನಿಂದ ಇಳಿಯುವಾಗ ಸತ್ತದ್ದು ಹಾರ್ನೆಸ್ಸಿನ ಸವೆದ ಬಿಲೇ ಲೂಪ್ ಹರಿದು. ಹಗ್ಗ ಸರಿಯಿತ್ತು, ಆ್ಯಂಕರ್ ಸರಿಯಿತ್ತು.

ಇನ್ನು ದೊಡ್ಡವರ ಹೆಸರು ಹೇಳಿ ಬಾಯಿ ಮುಚ್ಚಿಸುವ ವಾದ. "ಚಿತ್ರದುರ್ಗದ ಜ್ಯೋತಿರಾಜ್ ಕೋಟೆಯ ಗೋಡೆಯನ್ನು ಹಗ್ಗವೇ ಇಲ್ಲದೆ ಹತ್ತುತ್ತಾರೆ. ಅಲೆಕ್ಸ್ ಹೊನಾಲ್ಡ್ ಎಲ್ ಕ್ಯಾಪಿಟನ್ ಬಂಡೆ ಹತ್ತಿದ್ದು ಬರಿಗೈಯಲ್ಲಿ. ನೀವು ಎರಡನೆಯ ಸಾಧನಕ್ಕೆ ಅಳುತ್ತಿದ್ದೀರಿ." ಹಗ್ಗವಿಲ್ಲದೆ ಹತ್ತುವವನಿಗೆ ಹಗ್ಗವಿಲ್ಲ ಎಂಬುದು ಪ್ರತಿ ಹೆಜ್ಜೆಯಲ್ಲೂ ಗೊತ್ತಿರುತ್ತದೆ. ಬೀಳುವ ಸಂಭವವಿರುವ ಹೆಜ್ಜೆಯನ್ನು ಅವನು ಇಡುವುದಿಲ್ಲ. ಹಗ್ಗದ ಮೇಲಿನ ಒಂಟಿ ಏರುಗಾರ ಮಾಡುವುದು ಇದಕ್ಕೆ ತದ್ವಿರುದ್ಧ: ಹಗ್ಗವಿದೆ ಎಂಬ ನಂಬಿಕೆಯಲ್ಲೇ, ಬೀಳಬಹುದಾದ ಹೆಜ್ಜೆಗೆ ಕೈ ಹಾಕುತ್ತಾನೆ. ಆ ನಂಬಿಕೆ ಹುಸಿಯಾದರೆ ಅವನ ಬಳಿ ಇರುವುದು ಹಗ್ಗದವನ ಅಜಾಗರೂಕತೆ ಮತ್ತು ಹಗ್ಗವಿಲ್ಲದವನ ಎತ್ತರ. ಹೊನಾಲ್ಡ್ 2017ರ ಜೂನ್ 3ರಂದು ಎಲ್ ಕ್ಯಾಪಿಟನ್ನಿನ ಫ್ರೀರೈಡರ್ ದಾರಿಯನ್ನು ಬರಿಗೈಯಲ್ಲಿ ಏರುವ ಮೊದಲು ಅದೇ ಹೆಜ್ಜೆಗಳನ್ನು ಹಗ್ಗದ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿದ್ದು ಆ ಏರಿಕೆಯ ಕುರಿತ ಚಲನಚಿತ್ರದಲ್ಲೇ ಇದೆ. ಒಂಟಿ ಹಗ್ಗದ ನಿಜವಾದ ಹಿರಿಯರನ್ನು ನೋಡುವುದಾದರೆ 1955ರಲ್ಲಿ ಡ್ರೂ ಶಿಖರದ ನೈರುತ್ಯ ಕಂಬವನ್ನು ದಿನಗಟ್ಟಲೆ ಒಬ್ಬನೇ ಏರಿದ ವಾಲ್ಟರ್ ಬೊನಾಟಿಯನ್ನು ನೋಡಿ, 1968ರಲ್ಲಿ ಎಲ್ ಕ್ಯಾಪಿಟನ್ನಿನ ಮ್ಯೂರ್ ವಾಲನ್ನು ಒಂಟಿಯಾಗಿ ಏರಿದ ರಾಯಲ್ ರಾಬಿನ್ಸ್‌ನನ್ನು ನೋಡಿ, 2016ರಲ್ಲಿ ಅದೇ ಬಂಡೆಯನ್ನು ಒಂಟಿ ಹಗ್ಗದಲ್ಲಿ 24 ಗಂಟೆಯೊಳಗೆ ಮುಗಿಸಿದ ಪೀಟ್ ವಿಟ್ಟೇಕರ್‌ನನ್ನು ನೋಡಿ. ಒಂಟಿ ಹಗ್ಗದ ಏರಿಕೆಯಲ್ಲಿ ಪ್ರತಿ ಹಂತವನ್ನೂ ಹತ್ತಿ, ಇಳಿದು, ಹಗ್ಗ ಬಿಚ್ಚಿಕೊಂಡು ಮತ್ತೆ ಏರಬೇಕು. ಅವರು ಆ ದುಡಿಮೆಯನ್ನು ಉಳಿಸಲು ಹೊರಟವರಲ್ಲ.

"ನಮ್ಮ ಜಿಲ್ಲೆಯಲ್ಲಿ ಇದುವರೆಗೆ ಯಾರಿಗೇನಾಗಿದೆ?" ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಉಡುಪಿಯಲ್ಲಿ ಹೀಗೆ ಹತ್ತುವವರೇ ಬೆರಳೆಣಿಕೆಯಷ್ಟು ಜನ, ಯಾರೂ ಲೆಕ್ಕ ಇಟ್ಟಿಲ್ಲ. ಸ್ವಲ್ಪದರಲ್ಲಿ ತಪ್ಪಿದ್ದನ್ನು ಯಾರೂ ಊರಿಗೆ ಸಾರುವುದಿಲ್ಲ. ಲೆಕ್ಕವಿಲ್ಲದ ಕಡೆ ಸೊನ್ನೆ ಬರೆದು ಅದನ್ನೇ ಸಾಕ್ಷಿ ಎಂದು ತಂದರೆ ಯಾವ ನ್ಯಾಯಾಧೀಶರೂ ಒಪ್ಪಲಾರರು.

ಕೊನೆಯ ವಾದ ಎಲ್ಲ ವಾದಗಳೂ ಸೋತಾಗ ಬರುವಂಥದ್ದು: "ನನ್ನ ಜೀವ, ನನ್ನ ಇಷ್ಟ." ಜೀವ ಅವರದ್ದೇ. ಆದರೆ ಹಗ್ಗದಲ್ಲಿ ಪ್ರಜ್ಞೆ ತಪ್ಪಿ ತೂಗುವವನನ್ನು ಇಳಿಸುವವರು ಯಾರು? ಅಲುಗಾಡದೆ ಹಾರ್ನೆಸ್ಸಿನಲ್ಲಿ ತೂಗುವ ದೇಹದಲ್ಲಿ ರಕ್ತ ಕಾಲಿಗಿಳಿದು ನಿಂತು ನಿಮಿಷಗಳಲ್ಲೇ ಪ್ರಾಣಾಪಾಯ ಬರಬಹುದು. ಮಣಿಪಾಲದ ಆಸ್ಪತ್ರೆ ಕಾರ್ಕಳದಿಂದ ಸುಮಾರು 35 ಕಿಲೋಮೀಟರ್. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಆದರೆ ಬಂಡೆಯ ಬುಡದ ತನಕ. ಅಲ್ಲಿಂದ ಮೇಲೆ ಹೋಗುವವರು ಪಕ್ಕದ ತೋಟದಲ್ಲಿ ಅಡಿಕೆ ಕೊಯ್ಯುತ್ತಿದ್ದವರು, ಅಗ್ನಿಶಾಮಕದ ನಾಲ್ವರು, ಹಳ್ಳಿಯ ಹುಡುಗರು. ಹಗ್ಗದ ವಿದ್ಯೆ ಕಲಿಯದ ಅವರು ನಿಮ್ಮ ಇಷ್ಟಕ್ಕಾಗಿ ತಮ್ಮ ಜೀವವನ್ನು ಒಡ್ಡಬೇಕು. ಅದೇ ಸಂಜೆ ಜಾಗದ ಯಜಮಾನರು ಬೇಲಿ ಹಾಕುತ್ತಾರೆ, ಮರುದಿನದಿಂದ ಆ ಬಂಡೆ ಯಾರಿಗೂ ಇಲ್ಲ. ಯಾವ ಬಂಡೆಗೆ ಹೋಗುತ್ತಿದ್ದೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಒಬ್ಬರಿಗೆ ಹೇಳಿ ಹೋಗುವುದು, ಸಿಕ್ಕಿಕೊಂಡರೆ ತಾನೇ ಬಿಡಿಸಿಕೊಂಡು ಇಳಿಯಲು ಪ್ರೂಸಿಕ್ ಹಗ್ಗ, ಕಾಲಿಗೊಂದು ಕುಣಿಕೆ, ಇಳಿಯುವ ಸಾಧನ ಒಯ್ಯುವುದು ಇವೆಲ್ಲ ಆ ಜನರಿಗೆ ತೋರಿಸಬೇಕಾದ ಕನಿಷ್ಠ ಮರ್ಯಾದೆ.

ಒಂದೇ ಹಿಡಿತ ಸಾಕು ಎನ್ನುವ ಗೆಳೆಯರಿಗೆ ಒಂದು ಸವಾಲು ಹಾಕುತ್ತೇನೆ, ಓದುಗರ ಮುಂದೆಯೇ. ಮುಂದಿನ ಭಾನುವಾರ ಹಗ್ಗದ ಹಿಗ್ಗನ್ನೆಲ್ಲ ಮೊದಲು ಎಳೆದು ತೆಗೆದು, ನೆಲದಿಂದ ಒಂದಡಿ ಮೇಲೆ ಏರಿ, ನಿಮ್ಮ ಸಾಧನದ ಕ್ಯಾಮನ್ನು ಬೆರಳಿನಿಂದ ತೆರೆದು ಹಿಡಿದು, ಹಗ್ಗದ ಮೇಲೆ ಕೂತು ತೋರಿಸಿ. ಎರಡು ಹಿಡಿತ ಇಟ್ಟವರು ಮೊದಲು ಮೇಲಿನದನ್ನು, ಆಮೇಲೆ ಕೆಳಗಿನದನ್ನು ತೆರೆದು ಹಿಡಿದು ಕೂರುತ್ತಾರೆ. ಹತ್ತುವ ಮೊದಲು ಪ್ರತಿ ಸಲವೂ ಕೂರಬೇಕು. ನಿಮ್ಮ ಕಾಲು ನೆಲಕ್ಕೆ ತಾಗಿದರೆ ಅಂದು ಹತ್ತಬೇಡಿ. ಎರಡನೆಯದನ್ನು ತನ್ನಿ, ಇಲ್ಲವೇ ಜೊತೆಗೊಬ್ಬರನ್ನು ಕರೆಯಿರಿ. ಕರೆದರೆ ಬರಲು ನಾನೂ ಇದ್ದೇನೆ.